ಓದದೆ ಬಿಟ್ಟ ಎರಡು ಹಾಳೆ

ಲಕೋಟೆಯನ್ನು ಆಗಲೇ ಒಡೆದಾಗಿತ್ತು. ಭರಮಣ್ಣ ಸಾವುಕಾರರು ಒಳಗಿನದನ್ನೆಲ್ಲ ಗಾದಿಯ ಮೇಲೆ ಸುರುವಿಕೊಂಡು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಂದು ಪತ್ರ, ಒಂದು ಬಿಡಿ ಹಾಳೆ, ಪಿನ್ನು ಹೊಡೆದ ಒಂಬತ್ತು ಹಾಳೆ, ನುಣುಪು ಕಾಗದದ ಒಂದು ಬಣ್ಣದ ಪುಸ್ತಕ. ಎಲ್ಲವೂ ಇಂಗ್ಲಿಷು. ಸಾವುಕಾರರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಮರಾಠಿ ಅಷ್ಟಿಷ್ಟು ಬರುತ್ತಿತ್ತು, ಇಂಗ್ಲಿಷಿನಲ್ಲಿ ಮಾತ್ರ ಸಹಿ ಹಾಕುವಷ್ಟೇ.

"ಡಾಕಪ್ಪ, ಬಾರೋ ಇಲ್ಲೆ. ಪುಣೆದಿಂದ ಬಂದೈತಿ. ಸುಗ್ಗ್ಯಾಗ ಬಂದು ಹದಿನೈದು ದಿವಸ ಸೀನಿಕೋಂತ ಕುಂತಿದ್ನಲ್ಲ, ಆ ಹುಡುಗನ ಸಾಲಿದು. ಓದು, ಏನ ಬರದಾರ ಕೇಳೂಣು."

ಡಾಕಪ್ಪ ಕೈಯಲ್ಲಿದ್ದ ಚೀಲದ ದಬ್ಬಣವನ್ನು ಮೊಳೆಗೆ ಸಿಕ್ಕಿಸಿ ಬಂದ. ಬ್ಯಾಡಗಿ ಪೇಟೆಯ ಆ ದಲಾಲಿ ಅಂಗಡಿಯಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ದಿವಾನಜಿ, ಲೆಕ್ಕ ಬರೆಯುವ ಗುಮಾಸ್ತ. ಹಾವೇರಿ ಕಾಲೇಜಿನಲ್ಲಿ ಎರಡು ವರ್ಷ ಕೂತು ಬಿಟ್ಟು ಬಂದವನಾದ್ದರಿಂದ ಮುಂಬೈ, ಮದರಾಸಿನ ಖರೀದಿದಾರರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವವನೂ ಅವನೇ, ಬಂದ ತಂತಿ ಓದುವವನೂ ಅವನೇ. ಪತ್ರದ ತಲೆಯ ಮೇಲೆ ಆ ಶಾಲೆಯ ಗುಡ್ಡ ಮತ್ತು ದೀಪದ ಗುರುತು ಕಂಡಿತು. ಕುಂಬಳಕಾಯಿ ಕಳ್ಳ ಎಂದು ಯಾರೂ ಇನ್ನೂ ಅಂದಿರಲಿಲ್ಲ, ಇವನು ಆಗಲೇ ಹೆಗಲು ಮುಟ್ಟಿ ನೋಡಿಕೊಂಡಾಗಿತ್ತು.

ಯಾಕೆಂದರೆ ಡಾಕಪ್ಪ ಆ ಹುಡುಗನ ಮುಂದೆ ಬಾಯಿ ಬಿಟ್ಟಿದ್ದ.

ಹುಡುಗನ ಹೆಸರು ಶ್ರೀಪಾದ. ಧಾರವಾಡದ ಕಡೆಯವನು, ಪುಣೆಯ ಆ ದೊಡ್ಡ ಮ್ಯಾನೇಜ್‌ಮೆಂಟ್ ಶಾಲೆಯಲ್ಲಿ ಕಿರಿಯ ಮಾಸ್ತರ. ಮೆಣಸಿನಕಾಯಿ ವ್ಯಾಪಾರ ಹೇಗೆ ನಡೆಯುತ್ತದೆಂದು ನೋಡಿ ಬರೆದುಕೊಳ್ಳಲು ಬಂದಿದ್ದ. ಪೇಟೆಯ ಘಾಟಿಗೆ ಮೊದಲ ಮೂರು ದಿನ ಕಣ್ಣು ಮೂಗು ಒರೆಸಿಕೊಳ್ಳುವುದರಲ್ಲೇ ಹೋಯಿತು. ಆಮೇಲೆ ನೋಡಿ, ದಿನವೂ ಡಾಕಪ್ಪನ ಪಕ್ಕ ಚೀಲದ ಮೇಲೆ ಕುಳಿತು, ಅವನ ಬುತ್ತಿಯ ರೊಟ್ಟಿ ಮುರಿದು ತಿನ್ನುತ್ತ, "ಡಾಕಪ್ಪನವರ, ಇದನ್ನ ನೀವ ಹೇಳಬೇಕ್ರಿ, ನಿಮಗ ಗೊತ್ತಿದ್ದಷ್ಟು ಇನ್ನೊಬ್ಬರಿಗೆ ಗೊತ್ತಿಲ್ಲ," ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಡಾಕಪ್ಪನನ್ನು ಯಾರೂ ಏನೂ ಕೇಳಿರಲಿಲ್ಲ. ಕೇಳುವವರು ಸಿಕ್ಕರೆ ಮೂಗನಿಗೂ ಮಾತು ಬರುತ್ತದೆ. ಪೇಟೆ ಇಲ್ಲದ ಒಂದು ಮಧ್ಯಾಹ್ನ, ಗೋದಾಮಿನ ತಂಪಿನಲ್ಲಿ, ಅವನು ಹೆಬ್ಬೆರಳಿನ ಸಂಗತಿ ಹೇಳಿಬಿಟ್ಟ.

ಆ ಸಂಗತಿ ಇಷ್ಟು. ಪೇಟೆಯಲ್ಲಿ ಟೆಂಡರು ಬರೆದು ಹಾಕುವ ಪದ್ಧತಿ ಬಂದಿತ್ತಾದರೂ, ಹೊತ್ತು ಮೀರಿ ಬಂದ ಸಣ್ಣ ರಾಶಿಗಳಿಗೆ ಈ ಅಂಗಡಿಯಲ್ಲಿ ಇನ್ನೂ ಟವೆಲಿನ ವ್ಯಾಪಾರವೇ ನಡೆಯುತ್ತಿತ್ತು. ಖರೀದಿದಾರನೂ ಸಾವುಕಾರರೂ ಟವೆಲಿನ ಮರೆಯಲ್ಲಿ ಕೈ ಕೈ ಹಿಡಿಯುವುದು, ಬೆರಳು ಒತ್ತಿ ದರ ಕೂಡಿಸುವುದು. ಸಾವುಕಾರರು ಮಾತಾಡುವುದು ರೈತನ ಪರವಾಗಿ. ಆದರೆ ರಾಶಿ ತಂದವರು ದೂರದ ಊರಿನ ಮುದುಕರೋ ಒಂಟಿ ಹೆಂಗಸರೋ ಆಗಿದ್ದರೆ, ದರ ಕೂಡಿದ ಮೇಲೆ ಸಾವುಕಾರರು ಹೆಬ್ಬೆರಳನ್ನು ಒಳಕ್ಕೆ ಮಡಚುತ್ತಿದ್ದರು. ಹಾಗೆ ಮಡಚಿದರೆ ರೈತನಿಗೆ ಕೂಗಿ ಹೇಳುವ ದರ ಕಡಿಮೆ, ಖರೀದಿದಾರ ಒಪ್ಪಿದ ದರ ಹೆಚ್ಚು, ನಡುವಿನದು ಸಾವುಕಾರರಿಗೂ ಖರೀದಿದಾರನಿಗೂ ಸರಿಪಾಲು. ಅಂಗಡಿಯೊಳಗೆ ಇದು ಗೊತ್ತಿದ್ದುದು ಇಬ್ಬರಿಗೇ, ಸಾವುಕಾರರಿಗೆ ಮತ್ತು ಡಾಕಪ್ಪನಿಗೆ. ಆ ಮಧ್ಯಾಹ್ನದ ಹಿಂದಿನ ವಾರವಷ್ಟೇ ಮೇಡ್ಲೇರಿಯ ಹೊಳಿಯವ್ವ ಎಂಬಾಕೆ ನಾಲ್ಕು ಚೀಲ ತಂದು, ಕೂಗಿದ ದರ ಕೇಳಿ, "ಇರ್ಲಿ ಬಿಡಪ್ಪಾ, ನೀವು ಮೋಸ ಮಾಡವರಲ್ಲ," ಎಂದು ಕೈಮುಗಿದು ಹೋಗಿದ್ದಳು. ಆ ಮಾತು ಡಾಕಪ್ಪನ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಶ್ರೀಪಾದ ಕೇಳಿದ, ಮುಳ್ಳು ಹೊರಗೆ ಬಂತು.

ಹೇಳಿದ ದಿನ ಏನೋ ಹಗುರವಾಗಿತ್ತು. ಅವತ್ತು ಊಟವೂ ಸೇರಿತು, ನಿದ್ದೆಯೂ ಬಂತು. ಮರುದಿನದಿಂದಲೇ ಹೆದರಿಕೆ ಸುರುವಾಯಿತು. ಗಿರಿಯಪ್ಪನ ಪಾಡು ಅವನ ಕಣ್ಣ ಮುಂದೆಯೇ ಇತ್ತು. ತೂಕ ಮಾಡುತ್ತಿದ್ದ ಗಿರಿಯಪ್ಪ ಅಂಗಡಿಯ ಒಂದು ಸಣ್ಣ ಮಾತನ್ನು ಹೊರಗೆ ಆಡಿದನೆಂದು ಸಾವುಕಾರರು ಅವನನ್ನು ಕರೆದು, ದನಿ ಏರಿಸದೆ, "ನಾಳಿಂದ ಬರಬ್ಯಾಡಪ್ಪ," ಎಂದಿದ್ದರು. ಅಷ್ಟೇ. ಪೇಟೆಯಲ್ಲಿ ಆಮೇಲೆ ಯಾವ ಅಂಗಡಿಯೂ ಅವನನ್ನು ಮೆಟ್ಟಿಲು ಹತ್ತಿಸಲಿಲ್ಲ. ಈಗ ಮೋಟೆಬೆನ್ನೂರಿನ ರಸ್ತೆ ಬದಿಯಲ್ಲಿ ಜಲ್ಲಿ ಒಡೆಯುತ್ತಾನೆ. ಡಾಕಪ್ಪನಿಗಾದರೋ ಇರುವ ಮನೆಯೂ ಸಾವುಕಾರರದೇ, ಗೋದಾಮಿನ ಬೆನ್ನಿಗೆ.

"ಓದೋ, ಏನ ಬಾಯಾಗ ಗೂಟ ಬಡಕೊಂಡಿ?"

"ಓದತೇನ್ರೀ ಸಾವ್ಕಾರ್ರ."

ಪತ್ರದಲ್ಲಿದ್ದುದು ಸುಲಭವೇ. ನಿಮ್ಮ ಅಂಗಡಿಯ ಮೇಲೆ ಒಂದು ಕೇಸ್ ಬರೆದಿದ್ದೇವೆ. ಹೆಸರು, ಊರು ಬದಲಿಸಿದ್ದೇವೆ. ದಯವಿಟ್ಟು ಪೂರ್ತಿ ಓದಿ, ಒಪ್ಪಿಗೆಯಾದರೆ ಜೊತೆಗಿಟ್ಟ ಬಿಡಿ ಹಾಳೆಗೆ ಸಹಿ ಮಾಡಿ ಕಳಿಸಬೇಕು. ಸಹಿ ಬಾರದೆ ನಾವು ತರಗತಿಯಲ್ಲಿ ಪಾಠ ಮಾಡುವಂತಿಲ್ಲ.

"ಕೇಸು?" ಸಾವುಕಾರರ ಹುಬ್ಬು ಮೇಲೇರಿತು. "ಯಾರ ಮ್ಯಾಲೋ?"

"ಕೋರ್ಟಿಂದಲ್ರೀ. ಆ ಸಾಲ್ಯಾಗ ಪುಸ್ತಕದ ಪಾಠ ಕಡಿಮಿಯಂತ್ರೀ. ನಡದ ಸಂಗತಿ ಬರದು ಹುಡುಗರ ಕೈಯಾಗ ಕೊಡತಾರ. ಹುಡುಗರು ಅದನ್ನ ಓದ್ಕೊಂಡು ಬಂದು, ಈ ಸಾವ್ಕಾರ ಮಾಡಿದ್ದು ಸರಿನೋ ತಪ್ಪೋ, ನಾವಾಗಿದ್ರ ಏನ ಮಾಡತಿದ್ವಿ ಅಂತ ಜಗಳಾಡಬೇಕು. ಅದ ಪಾಠ."

"ಜಗಳಾಡೂದು ಕಲಸಾಕ ಸಾಲಿ? ನಮ್ಮ ಪೇಟ್ಯಾಗ ಪುಗಸಟ್ಟೆ ಕಲೀತಾರಲ್ಲೋ!" ಸಾವುಕಾರರು ಹೊಟ್ಟೆ ಕುಲುಕಿಸಿ ನಕ್ಕರು. "ಆತು, ಓದು."

ಮೊದಲ ಹಾಳೆ ಓದಿದ. ಊರು, ಪೇಟೆ, ಕಡುಕೆಂಪು ಸುಕ್ಕು ಕಾಯಿ, ಮಳೆ, ರಾಶಿ. ಸಾವುಕಾರರು ತಲೆದೂಗಿದರು. ಎರಡನೆಯ ಹಾಳೆ ತಿರುವಿದ. ಮೇಲಿನ ಸಾಲೇ ಹೀಗಿತ್ತು: 'ಅಂಗಡಿಯ ಹಿರಿಯ ಗುಮಾಸ್ತರೊಬ್ಬರು ತಿಳಿಸಿದಂತೆ, ಟವೆಲಿನ ಕೆಳಗೆ ಮಾಲೀಕರು ಹೆಬ್ಬೆರಳು ಮಡಚಿದಾಗ...' ಅಂಗಡಿಯಲ್ಲಿ ಇದ್ದುದೇ ಒಬ್ಬ ಗುಮಾಸ್ತ. ಹೆಸರು ಬದಲಿಸಿದರೇನು ಬಂತು, ಶಿವನೇ! ಆ ಸಂಗತಿ ಆ ಹಾಳೆ ತುಂಬಿ ಮೂರನೆಯದಕ್ಕೂ ಹರಿದಿತ್ತು. ಹೊಳಿಯವ್ವ ಕೈಮುಗಿದದ್ದೂ ಇತ್ತು. ಡಾಕಪ್ಪ ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿದ.

"ಯಾಕ ನಿಂತಿ?"

"ನೀರು ಕುಡೀತೇನ್ರೀ. ಗಂಟಲಾ ಒಣಗೈತಿ."

ಎದ್ದು ಹೋಗಿ ಕೊಡದ ನೀರು ಕುಡಿದ. ಒಂದು ಲೋಟ, ಎರಡು ಲೋಟ. ಓದುವುದಿಲ್ಲ ಎಂದು ಹೇಳುವಂತಿಲ್ಲ. ನಾಳೆ ಓದುತ್ತೇನೆ ಎಂದರೆ ಶನಿವಾರ ಬರುತ್ತದೆ, ಶನಿವಾರ ಸಾವುಕಾರರ ಮಗಳು ಜಯವ್ವ ಬರುತ್ತಾಳೆ. ಹಾವೇರಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಬಿ.ಕಾಂ. ಕೊನೆಯ ವರ್ಷ ಓದುವ ಹುಡುಗಿ, ಇಂಗ್ಲಿಷನ್ನು ಪಟಪಟ ಓದಿ ಒಂದಕ್ಷರ ಬಿಡದೆ ಹೇಳುವವಳು. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. ತಿರುಗಿ ಬಂದು ಕೂತಾಗ ಅವನ ಕಣ್ಣು ಬಣ್ಣದ ಪುಸ್ತಕದ ಮೇಲೆ ಬಿತ್ತು.

"ಸಾವ್ಕಾರ್ರ, ಮೊದಲ ಈ ಸಾಲಿ ಎಂಥಾದ್ದು ಅನ್ನೂದ ತಿಳಕೊಳ್ಳೂಣ್ರೀ. ಬರದವರು ಯಾರು ಅಂತ ಗೊತ್ತಾಗದ ಬರದದ್ದರ ತೂಕ ಹೆಂಗ ತಿಳೀತೈತಿ?"

"ಅದೂ ಖರೇ. ಓದು."

ಓದಿದನೇ ಓದಿದ! ಇಪ್ಪತ್ತೆರಡು ವರ್ಷದಲ್ಲಿ ಓದದಷ್ಟನ್ನು ಆ ಒಂದು ಮಧ್ಯಾಹ್ನ ಓದಿದ. ಸಾವಿರದ ಒಂಬೈನೂರಾ ಐವತ್ತೆಂಟರಲ್ಲಿ ಒಬ್ಬ ಗಿರಣಿ ಮಾಲೀಕನ ಹಳೆಯ ಬಂಗಲೆಯ ಎರಡು ಕೋಣೆಯಲ್ಲಿ ಶಾಲೆ ಸುರುವಾದದ್ದು. ಹನ್ನೊಂದು ಜನ ವಿದ್ಯಾರ್ಥಿಗಳು, ಮೂರು ಜನ ಮಾಸ್ತರರು. ಕುರ್ಚಿ ಸಾಲದೆ ಮಾಸ್ತರರು ನಿಂತು ಊಟ ಮಾಡಿದ್ದು. ಮಳೆಗಾಲದಲ್ಲಿ ಗ್ರಂಥಾಲಯ ಸೋರಿ, ವಿದ್ಯಾರ್ಥಿಗಳೇ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಪಕ್ಕದ ಗುಡಿಗೆ ಸಾಗಿಸಿದ್ದು. ಆಮೇಲೆ ಊರ ಹೊರಗೆ ಗುಡ್ಡದ ಮೇಲೆ ಕರಿಕಲ್ಲಿನ ಕಟ್ಟಡ ಎದ್ದದ್ದು, ಅದರಲ್ಲಿ ಕುದುರೆ ಲಾಳದಂಥ ತರಗತಿಗಳನ್ನು ಕಟ್ಟಿದ್ದು, ಯಾಕೆಂದರೆ ಜಗಳಾಡುವವರು ಒಬ್ಬರ ಮುಖ ಒಬ್ಬರು ನೋಡಬೇಕಲ್ಲ. ಪುಸ್ತಕದಲ್ಲಿ ಎರಡು ಸಾಲಿದ್ದದ್ದನ್ನು ಡಾಕಪ್ಪ ಹತ್ತು ಸಾಲು ಮಾಡಿದ. ಹೆದರಿದವನ ನಾಲಿಗೆ ದೇವರಾಣೆ ಹರಿದಾಸರ ನಾಲಿಗೆಯನ್ನೂ ಮೀರಿಸುತ್ತದೆ.

"ಏನೇನ ಕಲಸತಾರ?" ಸಾವುಕಾರರು ದಿಂಬನ್ನು ಎದೆಗೆ ಎಳೆದುಕೊಂಡು ಮುಂದಕ್ಕೆ ಬಾಗಿದ್ದರು.

"ಡಿಗ್ರಿ ಆದವರಿಗೆ ಎರಡು ವರ್ಷದ್ದೊಂದೈತ್ರೀ, ಅದ ದೊಡ್ಡದು. ಇಡೀ ದೇಶದಾಗ ಹತ್ತು ಸಾವಿರ ಮಂದಿ ಪರೀಕ್ಷಾ ಬರೀತಾರ, ನೂರಿಪ್ಪತ್ತು ಮಂದಿನ್ನ ತಗೋತಾರ. ಮುಂದ ಮಾಸ್ತರಕಿ ಮಾಡವರಿಗೆ ನಾಕು ವರ್ಷದ್ದು. ನೌಕರಿ ಇದ್ದವರಿಗೆ ಸಂಜಿ ಕ್ಲಾಸು. ಸಹಕಾರಿ ಸಂಘದವರಿಗೆ ಆರು ವಾರದ್ದು ಬ್ಯಾರೆ."

"ವ್ಯಾಪಾರ ಕಲಸಾಕ ಇಷ್ಟು ತರಾ!"

"ಲೆಕ್ಕ, ಮಾಲು ಮಾರೂದು, ಮಂದಿ ಕೂಡ ನಡಕೊಳ್ಳೂದು, ಸರಕಾರದ ಕಾಯದೆ, ಎಲ್ಲಾ ಐತ್ರೀ. ಮೊದಲ ವರ್ಷ ಎಲ್ಲಾರಿಗೂ ಒಂದ. ಎರಡ್ನೇ ವರ್ಷ ತಮಗ ಬೇಕಾದ್ದು ಆರಿಸ್ಕೋಬೇಕು."

"ಬರೇ ಗಂಡಹುಡುಗರೇನು?"

"ಇಲ್ರೀ, ಹೆಣ್ಣಮಕ್ಕಳಿಗೂ ಐತಿ. ಬ್ಯಾರೇನ ಹಾಸ್ಟೆಲ್ಲು, ಗೇಟಿಗೆ ಕಾವಲಿನವ..." ಹರಿಯುತ್ತಿದ್ದ ನಾಲಿಗೆ ಅಷ್ಟು ದೂರ ಹೋದ ಮೇಲೆ ಡಾಕಪ್ಪನಿಗೆ ಎಚ್ಚರ ಬಂತು. ಬಾಯಿ ಮುಚ್ಚಿದ. ಆದರೆ ಆಡಿದ ಮಾತು, ಒಡೆದ ಮುತ್ತು. ಸಾವುಕಾರರು ಪುಸ್ತಕವನ್ನು ಕೈಗೆ ತೆಗೆದುಕೊಂಡು ಗುಡ್ಡದ ಮೇಲಿನ ಕಟ್ಟಡದ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ನಮ್ಮ ಜಯಾ ಹೋದರ ಹೆಂಗ?" ಎಂದರು.

ಉತ್ತರಕ್ಕೆ ಕಾಯದೆ, ಪಿನ್ನು ಹೊಡೆದ ಹಾಳೆಗಳ ಕಡೆ ಗದ್ದ ತೋರಿಸಿ, "ಉಳದದ್ದರಾಗ ಏನೈತಿ?" ಎಂದರು.

"ನಮಗ ಗೊತ್ತಿದ್ದದ್ದ ರೀ. ಚೀಲ, ತೂಕ, ದರ. ಕಡೀಕೆ ಒಂದಿಷ್ಟು ಪ್ರಶ್ನಿ."

"ಇಷ್ಟು ದೊಡ್ಡ ಸಾಲಿ ನಮ್ಮ ಅಂಗಡಿ ಬಗ್ಗೆ ಬರದೈತಿ ಅಂದ ಮ್ಯಾಲ ನಾ ಏನ ತಪ್ಪ ಹುಡುಕಲಿ? ಕೊಡು ಇಲ್ಲೆ." ಇಂಗ್ಲಿಷಿನಲ್ಲಿ ನಿಧಾನಕ್ಕೆ ಬಿಡಿಸಿ ಬಿಡಿಸಿ ಸಹಿ ಮಾಡಿದರು. ಡಾಕಪ್ಪ ಅದನ್ನು ಅವತ್ತೇ ಟಪಾಲಿಗೆ ಹಾಕಿದ. ಒಂಬತ್ತು ಹಾಳೆಯನ್ನು ಅಂಗಿಯೊಳಗೆ ಸೇರಿಸಿ ಮನೆಗೆ ಒಯ್ದು, ಬಚ್ಚಲ ಒಲೆಗೆ ಹಾಕಿದ. ಹೆಂಡತಿ ಮಂಗಳವ್ವ, "ಅಲ್ರೀ, ಅಂಗಡಿ ಕಾಗದಾ ಯಾಕ ಸುಡಾಕತ್ತೀರಿ?" ಎಂದಳು. "ಸುಮ್ಮನ ಕುಂದ್ರು," ಎಂದ.

ಸುಟ್ಟದ್ದು ಹಾಳೆ. ಬಣ್ಣದ ಪುಸ್ತಕ ಅಂಗಡಿಯಲ್ಲೇ ಉಳಿಯಿತು. ಶನಿವಾರ ಜಯವ್ವ ಬಂದಳು, ಓದಿದಳು, ಮತ್ತೆ ಮತ್ತೆ ಓದಿದಳು. ಪರೀಕ್ಷೆಗೆ ಅರ್ಜಿ ಹಾಕಿದಳು. ಡಾಕಪ್ಪ ಹಗಲೂ ರಾತ್ರಿ ದೇವರಿಗೆ ಒಂದೇ ಬೇಡಿಕೊಂಡ, ಹುಡುಗಿ ಪಾಸಾಗಬಾರದು, ಆ ಹಾಳೆಗಳಿರುವ ಶಾಲೆಗೆ ಹೋಗಬಾರದು. ತಾನೇ ಎತ್ತಿ ಆಡಿಸಿದ ಕೂಸು, ಚೀಲದ ಮೇಲೆ ಕೂರಿಸಿಕೊಂಡು ಮಗ್ಗಿ ಹೇಳಿಕೊಟ್ಟ ಕೂಸು. ಅದಕ್ಕೆ ಕೆಡುಕು ಬಯಸಿದೆನಲ್ಲ ಎಂದು ಕಾಗಿನೆಲೆಗೆ ಹೋಗಿ ಕಾಯಿ ಒಡೆಸಿ ತಪ್ಪೊಪ್ಪಿಕೊಂಡು ಬಂದ. ಬಂದ ರಾತ್ರಿಯೇ ಮತ್ತೆ ಅದನ್ನೇ ಬೇಡಿಕೊಂಡ. ಹೆದರಿಕೆ ಮನುಷ್ಯನನ್ನು ಎಷ್ಟು ಸಣ್ಣವನನ್ನಾಗಿ ಮಾಡುತ್ತದೆಂದರೆ, ಅವನಿಗೆ ಅವನೇ ಕಾಣುವುದಿಲ್ಲ.

ಜಯವ್ವ ಪಾಸಾದಳು. ಒಮ್ಮೆ ಧೈರ್ಯ ಮಾಡಿ, "ಅಷ್ಟು ದೂರ ಹೆಣ್ಣಮಗಳನ್ನ ಒಬ್ಬಾಕಿನ್ನ ಕಳಸೂದು..." ಎಂದು ಡಾಕಪ್ಪ ರಾಗ ಎಳೆದ. ಸಾವುಕಾರರು ತಿರುಗಿ ಬಿದ್ದರು.

"ಏನೋ ಮಂಗ್ಯಾ, ಗೇಟಿಗೆ ಕಾವಲಿನವ ಇದ್ದಾನ ಅಂತ ಓದಿದಾವ ಯಾರು? ನೀನ ಹೌದಲ್ಲೋ?"

ಜೂನಿನಲ್ಲಿ ರಾಣೆಬೆನ್ನೂರಿನ ಸ್ಟೇಶನ್ನಿಗೆ ಹೋಗಿ ಅವಳ ಟ್ರಂಕನ್ನು ರೈಲಿಗೆ ಏರಿಸಿದವನೂ ಡಾಕಪ್ಪನೇ. "ಡಾಕಪ್ಪ ಕಾಕಾ, ನೀವು ಓದಿ ಹೇಳದಿದ್ರ ಅಪ್ಪ ನನ್ನ ಕಳಸತಿರಲಿಲ್ಲ," ಎಂದು ಹುಡುಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಅವನು ಹಿಂದಕ್ಕೆ ಸರಿದು ಹಮಾಲನೊಬ್ಬನಿಗೆ ಡಿಕ್ಕಿ ಹೊಡೆದ.

ಆ ಶಾಲೆಯಲ್ಲಿ ನೂರಾರು ಕೇಸುಗಳಿರುತ್ತವೆ, ಸಕ್ಕರೆ ಕಾರ್ಖಾನೆ, ಬಸ್ಸು ಕಂಪನಿ, ಔಷಧಿ. ಬ್ಯಾಡಗಿಯ ಒಂದು ಸಣ್ಣ ಅಂಗಡಿಯದು ಈ ಹುಡುಗಿಯ ಕೈಗೇ ಯಾಕೆ ಬಂದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೂ ಅಂಚೆಯವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಕೈಯಲ್ಲಿನ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದ. ಅವಳ ಪತ್ರವನ್ನು ಸಾವುಕಾರರು ಅಂಗಡಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಡಾಕಪ್ಪ ಪ್ರತಿ ಸಾಲಿನ ಮುಂದಿನ ಸಾಲಿಗೆ ಹೆದರುತ್ತ ನಿಲ್ಲುತ್ತಿದ್ದ. ಚಳಿ, ಊಟ ಸಪ್ಪೆ, ಖಾರಪುಡಿ ಕಳಿಸಿರಿ. ಅಷ್ಟೇ ಇರುತ್ತಿತ್ತು.

ದೀಪಾವಳಿಗೆ ಎರಡು ದಿನ ಮುಂಚೆ ಜಯವ್ವ ಊರಿಗೆ ಬಂದಳು. ಬಂದ ಮಧ್ಯಾಹ್ನವೇ ಒಬ್ಬಳೇ ಅಂಗಡಿಗೆ ಬಂದಳು. ಸಾವುಕಾರರು ಪಕ್ಕದ ಅಂಗಡಿಯಲ್ಲಿ ಮಗಳ ಬಗ್ಗೆ ಹೇಳಿಕೊಳ್ಳಲು ಹೋಗಿದ್ದರು, ಅವಳು ಬರುವ ಸುದ್ದಿ ಬಂದ ಎರಡು ವಾರದಿಂದ ಅವರಿಗೆ ಅದೇ ಕೆಲಸ. ಹುಡುಗಿ ಸೊರಗಿದ್ದಳು. ಗಾದಿಯ ತುದಿಗೆ ಕೂತು ಚೀಲದಿಂದ ಪಿನ್ನು ಹೊಡೆದ ಹಾಳೆಗಳನ್ನು ತೆಗೆದು ಮುಂದಿಟ್ಟಳು. ಡಾಕಪ್ಪ ನೋಡಿದ, ಎಣಿಸಲಿಲ್ಲ. ಎಣಿಸುವುದೇನು, ಒಂಬತ್ತು.

"ಇದು ನಮ್ಮ ಅಂಗಡಿ ಹೌದಲ್ಲ, ಕಾಕಾ?"

ಡಾಕಪ್ಪ ಬರೆಯುತ್ತಿದ್ದ ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟ.

"ಊರ ಹೆಸರು ಬ್ಯಾರೆ ಇತ್ತು, ನನಗ ಮೊದಲ ಗೊತ್ತಾಗಲಿಲ್ಲ. ಓದಿದೆ, ಕ್ಲಾಸಿಗೆ ಹೋದೆ. ಎಲ್ಲಾರೂ ಮಾತಾಡಿದ್ರು. ಮೆಣಸಿನಕಾಯಿ ಊರಾಕಿ ಅಂತ ಮಾಸ್ತರು ನನ್ನ ಎಬ್ಬಿಸಿ ಕೇಳಿದ್ರು. ಈ ಸಾವ್ಕಾರ ಕಳ್ಳ, ಬ್ಯಾರೆ ಮಾತ ಇಲ್ಲ ಅಂದೆ. ಒಬ್ಬಾಕಿ ಬಡವಿ ನಂಬಿ ಕೈಮುಗದು ಹೋಗತಾಳ, ಇವನಿಗೆ ಅನ್ನ ಹೆಂಗ ಇಳೀತೈತಿ ಅಂದೆ. ಅರ್ಧಾ ತಾಸು ಅಂದೆ. ಆಮ್ಯಾಲ ರೂಮಿಗೆ ಬಂದು ಮತ್ತೊಮ್ಮೆ ಓದಿದೆ, ಕಡೇ ಹಾಳ್ಯಾಗ ಸಾವ್ಕಾರ ಆಡಿದ ಮಾತೊಂದಿತ್ತು. 'ಮೆಣಸಿನಕಾಯಿ ಸುಳ್ಳ ಹೇಳಂಗಿಲ್ಲ, ಮುರದು ನೋಡ್ರಿ.' ಅಪ್ಪ ದಿನಾ ಅನ್ನೂದು. ಇಂಗ್ಲಿಷಿನ್ಯಾಗ ಇತ್ತು, ಆದರ ನನಗ ಅಪ್ಪನ ದನೀನ ಕೇಳಿಸ್ತು."

"ತಂಗೆವ್ವ..."

"ನಾ ಇದನ್ನ ಬರದ ಶ್ರೀಪಾದ ಸರ್ ಹತ್ರ ಹೋಗಿ ಕೇಳಿದೆ. ಅವರು ಹೌದೂ ಅನ್ನಲಿಲ್ಲ, ಅಲ್ಲಾ ಅನ್ನಲಿಲ್ಲ. ಒಂದ ಮಾತ ಹೇಳಿದ್ರು. ಆ ಮಾಲಕರು ಎಲ್ಲಾ ಓದಿಸಿ ಕೇಳಿ ಸಹಿ ಮಾಡ್ಯಾರ, ತನ್ನ ತಪ್ಪು ಹುಡುಗರು ಓದಲಿ ಅಂತ ಒಪ್ಪಿದ ಮನಷ್ಯಾ ನಾ ಇನ್ನೊಬ್ಬನ್ನ ನೋಡಿಲ್ಲ ಅಂದ್ರು. ಅದೊಂದು ಮಾತ ಹಿಡಕೊಂಡು ಬಂದೇನಿ, ಕಾಕಾ. ಓದಿ ಹೇಳಿದವರು ನೀವ ಹೌದಲ್ಲ? ಇದನ್ನ ಕೇಳಿದಾಗ ಅಪ್ಪ ಏನಂದ್ರು?"

ಅಯ್ಯೋ, ಆ ಪ್ರಶ್ನೆ! ಹೌದು, ಎಲ್ಲವನ್ನೂ ಓದಿದೆ, ಸಾವುಕಾರರು ಕಣ್ಣೀರು ಹಾಕಿದರು, ಎಂದರೆ ಹುಡುಗಿಯ ಮುಖ ಅರಳುತ್ತದೆ. ಅರಳಿದ ಮುಖದಲ್ಲಿಯೇ ಅಪ್ಪನ ಹತ್ತಿರ ಹೋಗಿ ಅದನ್ನೇ ಆಡುತ್ತಾಳೆ, ಆಗ ಎಲ್ಲ ಬಯಲು. ಓದಲಿಲ್ಲ ಎಂದರೆ ಅವಳಿಗೆ ಉಳಿದಿದ್ದ ಅದೊಂದೂ ಹೋಯಿತು. ಡಾಕಪ್ಪ ಬಾಯಿ ತೆರೆದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಬಿಡುವ ಸದ್ದಾಯಿತು.

"ಅವಾಗಿಂದ ಹುಡುಕಾಕತ್ತೇನಿ, ಇಲ್ಲಿ ಕುಂತೀ ಏನವ್ವಾ!" ಭರಮಣ್ಣ ಸಾವುಕಾರರು ಬಂದು ದಿಂಬಿಗೆ ಒರಗಿದರು. ಹಾಳೆಗಳನ್ನು ಕಂಡರು. ಇಂಗ್ಲಿಷು ಓದಲು ಬಾರದಿದ್ದರೂ ಗುಡ್ಡ, ದೀಪದ ಗುರುತು ಬಂತು. "ಇದು ನಮ್ಮ ಅಂಗಡೀದು! ಕಲಿಸಿದ್ರೇನ ನಿನಗ?"

"ಕಲಿಸಿದ್ರಪ್ಪಾ. ನೀವು ಇದನ್ನ ಓದಿಸಿ ಕೇಳಿ ಸಹಿ ಮಾಡಿದ್ರಿ, ಹೌದಲ್ಲ?"

"ಹೂಂ ಮತ್ತ! ಇಡೀ ಮಧ್ಯಾಹ್ನ ಓದಸೇನಿ. ಎರಡು ಕೋಣಿ, ಹನ್ನೊಂದು ಹುಡುಗರು, ಮಾಸ್ತರು ನಿಂತ ಊಟಾ ಮಾಡತಿದ್ರು, ಪುಸ್ತಕಾ ತಲೀ ಮ್ಯಾಲ ಹೊತ್ತರು... ಡಾಕಪ್ಪನ್ನ ಕೇಳು, ಎಲ್ಲಾ ಬಾಯಿಪಾಠ ಆಗೇತಿ ನನಗ."

ಜಯವ್ವ ಅಪ್ಪನನ್ನು ನೋಡಿದಳು. ಆಮೇಲೆ ತಿರುಗಿ ಡಾಕಪ್ಪನನ್ನು ನೋಡಿದಳು. ಅವಳಿಗೆ ತಿಳಿಯಿತು. ತಿಳಿದದ್ದು ಡಾಕಪ್ಪನಿಗೂ ತಿಳಿಯಿತು. ಅವಳು ಹಾಳೆಗಳನ್ನು ಒಟ್ಟು ಮಾಡಿ ಚೀಲಕ್ಕೆ ಹಾಕಲು ಹೋದಳು. ಹಾಕಿದ್ದರೆ ಮುಗಿಯುತ್ತಿತ್ತು. ಹದಿನೈದು ತಿಂಗಳಿಂದ ಡಾಕಪ್ಪ ದೇವರಲ್ಲಿ ಬೇಡಿಕೊಂಡದ್ದು ಇದನ್ನೇ, ಯಾರೂ ಏನೂ ಅನ್ನಬಾರದು. ಆದರೆ ಹುಡುಗಿಯ ಕೆಳತುಟಿ ಅದುರುತ್ತಿತ್ತು. ಅವಳು ಮಗ್ಗಿ ತಪ್ಪಿದಾಗ ಅದುರುತ್ತಿದ್ದ ತುಟಿ ಅದು. ಅವನಿಗೆ ನೋಡಲಾಗಲಿಲ್ಲ.

"ಸಾವ್ಕಾರ್ರ," ಎಂದ. "ನಾ ಅವತ್ತು ಪೂರ್ತಿ ಓದಲಿಲ್ರೀ. ಎರಡು ಹಾಳಿ ಸಲುವಾಗಿ ಉಳದದ್ದೆಲ್ಲಾ ಬಿಟ್ಟೆ. ನೀವು ಕೇಳಿದ್ದು ಆ ಬಣ್ಣದ ಪುಸ್ತಕ."

"ಯಾಕ ಬಿಟ್ಟಿ?"

"ಅಂಜಿಕಿ ಬಂತ್ರೀ."

"ಕಾಕಾ, ಬ್ಯಾಡ," ಎಂದಳು ಜಯವ್ವ.

"ಕೊಡು ತಂಗೆವ್ವ."

ಅವಳ ಕೈಯಿಂದ ಹಾಳೆ ತೆಗೆದುಕೊಂಡು ಎರಡನೆಯದನ್ನು ತಿರುವಿದ. ಓದಿದ. ಅಂಗಡಿಯ ಹಿರಿಯ ಗುಮಾಸ್ತರೊಬ್ಬರು ತಿಳಿಸಿದಂತೆ. ಟವೆಲಿನ ಕೆಳಗೆ. ಹೆಬ್ಬೆರಳು. ಒಂದೊಂದು ಮಾತಿಗೂ ನಿಂತು, ಕನ್ನಡ ಮಾಡಿ ಹೇಳಿದ. ಮೇಡ್ಲೇರಿಯ ಹೆಣ್ಣುಮಗಳು ಕೈಮುಗಿದು ಹೋದದ್ದನ್ನೂ ಬಿಡದೆ ಓದಿದ. ಮೂರನೆಯ ಹಾಳೆಯ ಕೊನೆಗೆ ಬಂದು ನಿಲ್ಲಿಸಿದ. ತಲೆ ಎತ್ತಲಿಲ್ಲ.

ಸಾವುಕಾರರು ಯಾರು ಹೇಳಿದರೆಂದು ಕೇಳಲಿಲ್ಲ. ಬೈಯಲಿಲ್ಲ. ಪಕ್ಕದ ಅಂಗಡಿಯಲ್ಲಿ ಯಾರೋ ಚೀಲ ಕೊಡವಿದರು, ಘಾಟಿಗೆ ದಾರಿಹೋಕನೊಬ್ಬ ಸೀನಿದ. ಸಾವುಕಾರರು ಮಗಳ ಕಡೆ ತಿರುಗಿದರು.

"ಕ್ಲಾಸಿನ್ಯಾಗ ನೀ ಏನಂದಿ?"

"ಅಪ್ಪಾ, ನನಗ ಗೊತ್ತಿರಲಿಲ್ಲ..."

"ಏನಂದಿ ಹೇಳವ್ವಾ."

"ಕಳ್ಳ ಅಂದೆ."

ಸಾವುಕಾರರು ಹೂಂಗುಟ್ಟಿದರು. ತಮ್ಮ ಬಲಗೈಯನ್ನು ತೊಡೆಯ ಮೇಲಿಂದ ಎತ್ತಿ ದಿಂಬಿನ ಹಿಂದಕ್ಕೆ ಇಟ್ಟುಕೊಂಡರು.

"ಮಾಸ್ತರು ಎಷ್ಟ ಮಾರ್ಕ್ಸ್ ಕೊಟ್ರು?"

"ಎಲ್ಲಾರಿಗಿಂತ ಹೆಚ್ಚು," ಎಂದಳು ಜಯವ್ವ, ಮತ್ತು ಅಳಲು ಸುರುಮಾಡಿದಳು.

ಸಾವುಕಾರರು ಅವಳನ್ನು ಅಳಲು ಬಿಟ್ಟರು. ಹೊರಗಿನ ಬೀದಿಯನ್ನು ನೋಡುತ್ತ, ದನಿ ಏರಿಸದೆ, "ಡಾಕಪ್ಪ," ಎಂದರು. ಗಿರಿಯಪ್ಪನನ್ನು ಕರೆದಾಗಲೂ ಅವರು ದನಿ ಏರಿಸಿರಲಿಲ್ಲ.

"ಚಾ ತರಸು."

"ಎರಡ್ರೀ?"

"ಮೂರು."

ಎದುರಿನ ಹೋಟೆಲಿನ ನಾಸೀರ ತಟ್ಟೆಯಲ್ಲಿ ಮೂರು ಲೋಟ ತಂದು ಗಾದಿಯ ನಡುವೆ ಇಟ್ಟು ಹೋದ. ಸಾವುಕಾರರು ಒಂದನ್ನು ಮಗಳ ಕೈಗೆ ಕೊಟ್ಟರು, ಒಂದನ್ನು ತಾವು ತೆಗೆದುಕೊಂಡರು. ಮೂರನೆಯದು ತಟ್ಟೆಯಲ್ಲೇ ಇತ್ತು. ಅದು ತನಗೋ, ಇನ್ಯಾರಾದರೂ ಬರುವವರಿದ್ದಾರೋ, ತಾನು ನಾಳೆಯಿಂದ ಅಂಗಡಿಗೆ ಬರಬೇಕೋ ಬೇಡವೋ, ಸಾವುಕಾರರು ಹೇಳಲಿಲ್ಲ. ಇಪ್ಪತ್ಮೂರು ವರ್ಷದಲ್ಲಿ ಡಾಕಪ್ಪ ಆ ಗಾದಿಯ ಮೇಲೆ ಚಹಾ ಕುಡಿದವನಲ್ಲ. ಅವನು ಎರಡು ಕೈಯನ್ನೂ ಮೊಣಕಾಲ ಮೇಲೆ ಇಟ್ಟುಕೊಂಡು ಲೋಟವನ್ನೇ ನೋಡುತ್ತ ಕೂತ. ಹಬೆ ನಿಂತಿತು, ಚಹಾದ ಮೇಲೆ ತೆಳ್ಳಗೆ ಕೆನೆ ಕಟ್ಟತೊಡಗಿತು.